ನೆರಳನ್ನೂ ಮನೆಯಲ್ಲಿ ಬಿಟ್ಟು ಹೋಗುವ ಬೇಟೆಗಾರ

"ಬೇಟೆಗೆ ಹೊರಟೆ ಅಂದ್ರೆ ನಾನು ನನ್ನ ನೆರಳನ್ನೂ ಮನೇಲೇ ಬಿಟ್ಟು ಹೋಗ್ತೀನಿ ಸಾಬ್ರೆ. ಜೊತೆ ಬೇಕು ಅನ್ನೋದೆಲ್ಲ ಪುಕ್ಕಲರ ಮಾತು," ಎಂದ ಬಾಣಸವಾಡಿಯ ಬೈಲಪ್ಪ. "ಎರಡು ಡಜನ್ ಕೌಜುಗ ತಾನೆ? ಗಾಡಿ ತುಂಬ ಬೇಕಾದ್ರೂ ಕೇಳಿ, ತಂದು ಸುರೀತೀನಿ. ನಾನೊಬ್ಬನೇ!"

ಈಗಿನ ಶಿವಾಜಿನಗರದ ಮಾರ್ಕೆಟ್ಟಿನ ಹಿಂಬದಿಯಲ್ಲಿ ಖುರ್ಷೀದ್ ಸಾಬರ ಹಕ್ಕಿ ಅಂಗಡಿ. ಯುದ್ಧದ ಕಾಲ. ದಂಡು ಪ್ರದೇಶದ ತುಂಬ ಬ್ರಿಟಿಷ್ ಸೋಜರರು, ಸೋಜರರ ತುಂಬ ಹಸಿವು. ಕೋಳಿ, ಪಾರಿವಾಳ, ಪುರಲೆ ಹಕ್ಕಿ, ರೆಕ್ಕೆ ಇದ್ದದ್ದೆಲ್ಲ ಬೆಳಗಾಗುವುದರೊಳಗೆ ಖಾಲಿ. ರೆಕ್ಕೆ ಇದ್ದೂ ಮಾರಾಟವಾಗದೆ ಉಳಿದದ್ದು ವಿಮಾನ ಒಂದೇ ಎಂದು ಸಾಬರು ಹೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರ ಮಗಳು ಜಹನಾರಾಳ ಮದುವೆ ಗೊತ್ತಾಗಿ, ಬೀಗರು ಕೌಜುಗದ ಊಟವೇ ಆಗಬೇಕೆಂದು ಹಿಡಿದು ಕೂತಿದ್ದರು.

"ಒಬ್ಬನೇ ಆಗುತ್ತಾ ಬೈಲಪ್ಪ? ಬೇಕಾದ್ರೆ ನಿಮ್ಮೂರ ಮುನಿಆಂಜನಪ್ಪನ ಗುಂಪಿಗೂ ಒಂದು ಮಾತು ಹೇಳ್ತೀನಿ."

"ಅವರು ತರೋದು ದೊಣ್ಣೇಲಿ ಚಚ್ಚಿದ್ದು, ನಾಯಿ ಕಚ್ಚಿದ್ದು. ನಿಮಗೆ ನಡೆಯುತ್ತಾ ಅದು?"

"ತೌಬಾ, ತೌಬಾ! ಜೀವಂತ ಬೇಕು. ಬಿಸ್ಮಿಲ್ಲಾ ಹೇಳಿ ಕೊಯ್ಯಬೇಕು."

"ಮತ್ತೆ? ಒಂದು ಪುಕ್ಕ ಕೊಂಕದ ಹಾಗೆ ಹಿಡಿಯೋನು ಈ ಸೀಮೇಲಿ ಒಬ್ಬನೇ. ಅವನು ನಿಮ್ಮ ಎದುರಿಗೆ ಕೂತವ್ನೆ."

ಕೂತದ್ದು ಒಂದು ಬೋರಲು ಬುಟ್ಟಿಯ ಮೇಲೆ. ಆ ಬುಟ್ಟಿಯ ವಿಷಯ ಮೊದಲೇ ಹೇಳಿಬಿಡಬೇಕು. ಮುರುಕು ಬಿದಿರಿನ ಬುಟ್ಟಿ, ಕೂತವನ ಪಂಚೆಗೆ ಮೂರು ಕಡೆ ಚುಚ್ಚುತ್ತಿತ್ತು. ಆದರೆ ಸೂರ್ಯ ಹುಟ್ಟುವ ದಿಕ್ಕಿನಿಂದ ಮುಳುಗುವ ದಿಕ್ಕಿನ ತನಕ ಬೈಲಪ್ಪನ ಮಾತನ್ನು ಕೂತು ಕೇಳುವವರು ಇದ್ದದ್ದು ಅದರ ಸುತ್ತ ಮಾತ್ರ. ಸಾಬರು ಚಹಾ ತರಿಸುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ಕತ್ತು ಚಾಚುತ್ತಿದ್ದರು. ಬೈಲಪ್ಪ ಬೇಟೆಯ ಕಥೆ ಬಿಚ್ಚುತ್ತಿದ್ದ. ಕೊಟ್ಟ ಮಾತು ತಪ್ಪಿದರೆ ಸಾಬರೇನೂ ಬೈಯುವವರಲ್ಲ. ಆದರೆ ಆ ಬುಟ್ಟಿ ಮೆಲ್ಲಗೆ ಮಗುಚಿಕೊಂಡು ಮತ್ತೆ ಕೋಳಿ ತುಂಬುವ ಬುಟ್ಟಿಯಾಗುತ್ತದೆ. ಅದು ಬೈಲಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಗಂಟಲು ಅಷ್ಟು ದೊಡ್ಡದಾಗಿತ್ತು.

ಒಂದು ಕಾಲಕ್ಕೆ ಬೈಲಪ್ಪನೂ ಗುಂಪಿನ ಬೇಟೆಗಾರನೇ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರಿನ ಗಂಡಸರೆಲ್ಲ ಬಲೆ, ದೊಣ್ಣೆ, ನಾಯಿ ಕಟ್ಟಿಕೊಂಡು ಹೊರಡುವುದು ಬಾಣಸವಾಡಿಯ ಪದ್ಧತಿ. ಕೆರೆಯಂಗಳದ ಕಡೆಯಿಂದ ಕೂಗಿ ಕೂಗಿ ಮೊಲ ಎಬ್ಬಿಸುವುದು, ಈ ಕಡೆ ಕತ್ತಾಳೆ ಬೇಲಿಯ ಉದ್ದಕ್ಕೂ ಬಲೆ ಹಿಡಿದು ನಿಲ್ಲುವುದು. ಎರಡು ಬಲೆ ಸೇರುವ ಕಡೆ ಒಂದು ಸಂದು ಉಳಿಯುತ್ತದೆ. ಅಲ್ಲಿ ಒಬ್ಬ ಆಳು ಕಾಲಗಲಿಸಿ ನಿಲ್ಲಬೇಕು. ಒಂದು ವರ್ಷ ಆ ಸಂದಿಗೆ ಬೈಲಪ್ಪ ನಿಂತ. ಮೊಲ ಬಂತು. ಬಲಕ್ಕೆ ನೋಡಿತು, ಎಡಕ್ಕೆ ನೋಡಿತು, ಬೈಲಪ್ಪನ ಎರಡು ಕಾಲಿನ ನಡುವೆ ನೆಂಟರ ಮನೆಗೆ ನುಗ್ಗಿದಂತೆ ನುಗ್ಗಿ ಹೋಯಿತು.

ಆ ದಿನ ಕೂಗುವವರು ಬೇಗ ಕೂಗಿದ್ದರು. ನಾಯಿಗಳು ಅಡ್ಡ ಓಡಿದ್ದವು. ಬಲೆಯಲ್ಲಿ ಎಮ್ಮೆ ತೂರುವಷ್ಟು ತೂತುಗಳಿದ್ದವು. ಆದರೆ ಗುಂಪಿನ ಬೇಟೆಯ ಲೆಕ್ಕವೇ ಬೇರೆ. ಸಿಕ್ಕರೆ ಊರು ಹಿಡಿಯಿತು. ತಪ್ಪಿದರೆ ಒಬ್ಬ ಬಿಟ್ಟ. ಇಪ್ಪತ್ತು ಜನರ ತಪ್ಪನ್ನೆಲ್ಲ ಮೂಟೆ ಕಟ್ಟಿ ಬೈಲಪ್ಪನ ತಲೆಯ ಮೇಲಿಟ್ಟರು. ಅದನ್ನು ಇಟ್ಟವನು ಬೇರೆ ಯಾರೂ ಅಲ್ಲ, ಬೇಟೆಯ ಯಜಮಾನ ಮುನಿಆಂಜನಪ್ಪ, ಬೈಲಪ್ಪನ ಹೆಂಡತಿಯ ಸ್ವಂತ ಅಣ್ಣ. ಅಂದಿನಿಂದ ಊರಿನಲ್ಲಿ ಬೇಲಿ ಬಿರಿದರೆ ಅದು 'ಬೈಲಪ್ಪನ ಬಾಗಿಲು'. ಹಂಚು ಸರಿದು ಮಳೆ ಸೋರಿದರೆ ಬೈಲಪ್ಪನ ಬಾಗಿಲು. ಆರು ವರ್ಷದ ಕೂಸಿನ ಮುಂದಿನ ಹಲ್ಲು ಬಿದ್ದರೂ ಬೈಲಪ್ಪನ ಬಾಗಿಲು.

"ನಿಮ್ಮ ಬೇಟೆಗೆ ಇನ್ನು ಕಾಲಿಡಲ್ಲ," ಎಂದು ಬೈಲಪ್ಪ ಹೊರಬಿದ್ದ. ಒಂಟಿ ಬೇಟೆಯ ಸುಖ ಮೊದಲ ದಿನವೇ ಗೊತ್ತಾಯಿತು. ಒಂಟಿಯಾಗಿ ಹೋದವನ ಕೈಯಿಂದ ಮೊಲ ತಪ್ಪಿದರೆ ಅದು ತಪ್ಪಿದ್ದು ಮೊಲಕ್ಕೊಂದೇ ಗೊತ್ತು. ಮೊಲ ಊರಿಗೆ ಬಂದು ಹೇಳುವುದಿಲ್ಲ. ಕಷ್ಟ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಸಿಕ್ಕಿದರೂ ಅದನ್ನು ಕಂಡವರಿಲ್ಲ. ಒಂಟಿ ಬೇಟೆಗಾರ ಮಿಕವನ್ನೂ ತಾನೇ ಹೊರಬೇಕು, ಸಾಕ್ಷಿಯನ್ನೂ ತಾನೇ ಹೇಳಬೇಕು.

ಆ ಸಾಕ್ಷಿಯನ್ನು ಕೇಳುತ್ತಿದ್ದವಳು ಹೆಂಡತಿ ಬೈರಮ್ಮ. ಊರವರ ಮುಂದೆ ಗಂಡನಿಗೆ 'ನೀವು' ಎನ್ನುವಳು, ಒಲೆಯ ಮುಂದೆ 'ನೀನು'. ಬೈಲಪ್ಪ ಸೊಪ್ಪಿನ ಸಾರಿನ ಮುಂದೆ ಕೂತು ಹೇಳುವನು:

"ಎಂಥಾ ಹಂದಿ ಅಂತೀಯ! ಎಮ್ಮೆ ಗಾತ್ರ."

"ಅರ್ಧ ಬಿಡು," ಎನ್ನುವಳು ಬೈರಮ್ಮ, ಮುದ್ದೆ ತಿರುವುತ್ತಾ, ತಲೆಯೆತ್ತದೆ.

"ಆಯ್ತು, ಕರು ಗಾತ್ರ. ಕೋರೆ ಇಷ್ಟುದ್ದ!"

"ಅರ್ಧ ಬಿಡು."

ಹೀಗೆ ಅವಳು ಬಿಡಿಸುತ್ತಾಳೆಂದು ಗೊತ್ತಿದ್ದ ಬೈಲಪ್ಪ ಮೊದಲೇ ಎರಡರಷ್ಟು ಮಾಡಿಕೊಂಡು ಮನೆಗೆ ಬರುತ್ತಿದ್ದ. ಅವನು ಏರಿಸುವುದು, ಅವಳು ಇಳಿಸುವುದು. ಇಬ್ಬರೂ ಸೇರಿ ಕೊನೆಗೆ ಹೆಚ್ಚುಕಡಿಮೆ ನಿಜದ ಹತ್ತಿರ ಬಂದು ಕೈ ತೊಳೆಯುತ್ತಿದ್ದರು. ಪ್ಲೇಗು ಬಂದ ವರ್ಷ ಬೈರಮ್ಮ ಹೋದಳು. ಬೈಲಪ್ಪ ಏರಿಸುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಇಳಿಸುವವರಿಲ್ಲದೆ ಅವನ ಕಥೆಗಳು ಹಲಸೂರಿನ ಕೆರೆಯಂತೆ ಉಬ್ಬಿ ದಡ ಮೀರಿದವು. ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರು ನಗುವುದು ಬೈಲಪ್ಪನಿಗೂ ಕಾಣುತ್ತಿತ್ತು. ಆದರೂ ಮಾತಿನ ನಡುವೆ ಅವನು ಒಂದು ಗಳಿಗೆ ನಿಲ್ಲುವನು. ಒಲೆಯ ಕಡೆಯಿಂದ ಏನೋ ಬರಬೇಕಾಗಿತ್ತು ಎನ್ನುವ ಹಾಗೆ. ಬರದಿದ್ದಾಗ ಮುಂದುವರಿಸುವನು.

ಅವನ ಈ ಒಂಟಿತನ ನೋಡಿಯೋ, ವ್ಯಾಪಾರದ ಲಾಭ ನೋಡಿಯೋ, ಖುರ್ಷೀದ್ ಸಾಬರು ಅವನಿಗೊಂದು ಸಾಕಿದ ಗಂಡು ಕೌಜುಗ ಕೊಟ್ಟರು. ಹೆಸರು ನವಾಬ. ದಂಡಿನ ಸಾಬರು ತೀತರ್ ಎಂದು ಪಂಜರದಲ್ಲಿಟ್ಟು ಮಕ್ಕಳಿಗಿಂತ ಹೆಚ್ಚಾಗಿ ಸಾಕುವ ಹಕ್ಕಿ ಅದು. ನವಾಬನ ಕೆಲಸ ಸುಲಭ. ಬೆಳಗಿನ ಜಾವಕ್ಕೆ ಅವನ ಪಂಜರವನ್ನು ಲಂಟಾನ ಪೊದೆಯ ಅಂಚಿನಲ್ಲಿಟ್ಟು, ಸುತ್ತ ಕುದುರೆ ಬಾಲದ ಕೂದಲಿನ ಉರುಲು ನೆಡಬೇಕು. ನವಾಬ ಎದೆಯುಬ್ಬಿಸಿ ಕೂಗುತ್ತಾನೆ. 'ನನ್ನ ಸೀಮೆಯಲ್ಲಿ ಯಾವನೋ ಅವನು?' ಎಂದು ಕಾಡಿನ ಕೌಜುಗ ಜಗಳಕ್ಕೆ ಓಡಿಬರುತ್ತದೆ. ಬಂದದ್ದು ಉರುಲಿಗೆ ಕಾಲು ಕೊಡುತ್ತದೆ. ಬೇಟೆಗಾರ ಮಾಡಬೇಕಾದದ್ದು ಒಂದೇ: ಸೊಪ್ಪಿನ ಮರೆಯಲ್ಲಿ ಉಸಿರೆತ್ತದೆ ಕೂತಿರುವುದು.

ಮೊದಮೊದಲು ಬೈಲಪ್ಪ ಹೇಗೆ ಕೂರುತ್ತಿದ್ದನೆಂದರೆ, ಅವನ ಹೆಗಲ ಮೇಲೆ ಜೇಡ ಬಲೆ ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ಮದುವೆ ಮಾಡಿ ಕಳಿಸುತ್ತಿತ್ತು. ದಿನಕ್ಕೆ ಬುಟ್ಟಿ ತುಂಬ ಹಕ್ಕಿ. ಉರುಲಿಗೆ ಕೂದಲು ಕಿತ್ತು ಕಿತ್ತು, ಹಲಸೂರಿನ ಜಟಕಾ ಕುದುರೆಗಳು ಅವನನ್ನು ಕಂಡರೆ ಬಾಲವನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು.

ಆದರೆ ಈಚೆಗೆ ಹಕ್ಕಿ ಬೀಳುತ್ತಿರಲಿಲ್ಲ. ವಾರಕ್ಕೆ ಒಂದು, ಎರಡು. ಅವೂ ಕಿವುಡೋ ಕುರುಡೋ ಆದವು.

"ಎಲ್ಲ ಈ ಯುದ್ಧದಿಂದ ನವಾಬ," ಎನ್ನುವನು ಬೈಲಪ್ಪ. "ಮಾರತ್ತಹಳ್ಳಿ ಕಡೆಯಿಂದ ವಿಮಾನ, ಬೆನ್ಸನ್ ಟೌನ್ ಕಡೆಯಿಂದ ಲಾರಿ. ಹಕ್ಕಿ ಎಲ್ಲಿರ್ತವೆ ಹೇಳು?"

ನವಾಬ ಒಂದು ಕಣ್ಣಿನಿಂದ ಅವನನ್ನು ನೋಡುತ್ತಿದ್ದ.

ಸಾಬರಿಗೆ ಮಾತು ಕೊಟ್ಟು ಬಂದ ಮೇಲೆ ಬೈಲಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಕೆರೆಯ ಹಿಂದಿನ ಪೊದೆ, ಕೃಷ್ಣರಾಜಪುರದ ದಾರಿಯ ಹುಣಸೆತೋಪು, ರೈಲು ಕಂಬಿಯ ಆಚೆಯ ಬೀಳು, ಎಲ್ಲೆಲ್ಲಿಯೂ ಕೂತ. ಯುಗಾದಿ ಹಬ್ಬ ಬಂತು. ಎರಡು ಡಜನ್ ಆಗಬೇಕಾದ ಕಡೆ ಗೂಡಿನಲ್ಲಿದ್ದದ್ದು ಐದು. ಮದುವೆಗೆ ಉಳಿದದ್ದು ಇನ್ನೆರಡು ದಿನ. ಹೊಸತೊಡಕಿನ ಬೆಳಗ್ಗೆ, ಊರೆಲ್ಲ ಗುಂಪು ಕಟ್ಟಿ ಹೊರಡುವ ಮೊದಲೇ, ಅವರ ಕಣ್ಣಿಗೆ ಬೀಳದ ಹಾಗೆ, ಬೈಲಪ್ಪ ಪಂಜರವನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ರೈಲು ಕಂಬಿಯಾಚೆಗೆ ಹೋಗಿ ಪೊದೆ ಸೇರಿದ.

ಸೂರ್ಯ ಮೇಲೆ ಬಂದ. ನವಾಬ ಕೂಗಿದ. ದೂರದ ಹುಲ್ಲಿನೊಳಗಿಂದ ಒಂದು ಉತ್ತರ ಬಂತು. ಇನ್ನೂ ಹತ್ತಿರದಿಂದ ಇನ್ನೊಂದು. ಆಮೇಲೆ ಏಕೋ ಎರಡೂ ನಿಂತವು. ಬೈಲಪ್ಪ ಕಾದ. ಕಾದು ಸಾಕಾಗಿ, ದಿನಾ ಕೂತುಕೊಳ್ಳುವ ಹಾಗೆ ಮಂಡಿಯ ಮೇಲೆ ಗಲ್ಲ ಊರಿ ಕೂತ.

"ಇವತ್ತು ಹೊಸತೊಡಕು," ಎಂದ. "ಅವಳಿದ್ದಿದ್ರೆ ಈ ಹೊತ್ತಿಗೆ ಮಸಾಲೆ ಅರೆದಿರೋಳು. ಮಿಕ ಬರುತ್ತೋ ಇಲ್ವೋ, ಅರೆದು ಇಟ್ಟಿರೋಳು. ಒಂದ್ಸಲ ಹಿಡಿದಿದ್ದೆ ನೋಡು ಒಂದು ಮೊಲ... ಮೇಕೆ ಗಾತ್ರ. ಏನು? ಅರ್ಧ ಬಿಡು ಅಂತೀಯಾ? ಆಯ್ತು, ಮೇಕೆ ಮರಿ. ಅದಕ್ಕೂ ಅರ್ಧ ಬಿಡ್ಲಾ? ಬಿಟ್ಟೆ ಹೋಗು. ಬೆಕ್ಕಿನ ಗಾತ್ರ ಇತ್ತು, ಬೆಕ್ಕಿನ ಗಾತ್ರ..."

"ಯಾರ ಜೊತೆಗೋ ಮಾತು?"

ಬೈಲಪ್ಪ ತಿರುಗಿ ನೋಡಿದ. ಪೊದೆಯ ಹಿಂದೆ ಮುನಿಆಂಜನಪ್ಪ ನಿಂತಿದ್ದ. ಅವನ ಹಿಂದೆ ಬಲೆ, ದೊಣ್ಣೆ ಹೊತ್ತು ಇಡೀ ಊರು ನಿಂತಿತ್ತು.

"ಯಾರ ಜೊತೆಗೂ ಇಲ್ಲ ಭಾವ."

"ಕಂಬಿ ದಾಟೋವಾಗಲೇ ಕೇಳಿಸ್ತಲ್ಲೋ! ಯಾರೋ ಇಬ್ಬರು ಕೂತು ಜಮೀನು ವ್ಯಾಜ್ಯ ಮಾತಾಡ್ತವ್ರೆ ಅಂದ್ಕೊಂಡು ಬಂದ್ವಿ." ಮುನಿಆಂಜನಪ್ಪ ಹುಲ್ಲಿನ ಕಡೆ ಕೈ ತೋರಿಸಿದ. "ಆ ಹುಲ್ಲಿನ ತುಂಬ ಕೌಜುಗ. ನಿನ್ನ ಹಕ್ಕಿ ಕೂಗುತ್ತೆ, ಅವು ಬರ್ತವೆ. ನೀನು ಬಾಯಿ ಬಿಡ್ತೀಯ, ಅವು ಹಿಂದಕ್ಕೆ ಓಡ್ತವೆ. ದಿನಾ ಹಿಂಗೇನಾ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಬೈಲಪ್ಪನಿಗೆ ವಿಮಾನವೂ ಬೇಡವಾಯಿತು, ಲಾರಿಯೂ ಬೇಡವಾಯಿತು. ಈಚಿನ ಒಂದೊಂದು ಬೆಳಗೂ ನೆನಪಾಯಿತು. ಇಲ್ಲ, ಒಂದು ಬೆಳಗೂ ತಾನು ಸುಮ್ಮನೆ ಕೂತಿರಲಿಲ್ಲ. ನೆರಳನ್ನು ಮನೆಯಲ್ಲಿ ಬಿಟ್ಟು ಬಂದವನು ಮನೆಯನ್ನೇ ಪೊದೆಯೊಳಕ್ಕೆ ಹೊತ್ತು ತಂದಿದ್ದ.

ಕಿಸಕ್ಕೆಂದವನ ಕಡೆ ಮುನಿಆಂಜನಪ್ಪ ತಿರುಗಿ ನೋಡಿದ. ಕಿಸಕ್ಕು ನಿಂತಿತು.

"ಅರ್ಧ ಬಿಡು ಅಂತ ಹೇಳ್ತಿದ್ದಿದ್ದು ನಮ್ಮ ಬೈರ ಅಲ್ವೇನೋ," ಎಂದ, ದನಿ ತಗ್ಗಿಸಿ. "ಚಿಕ್ಕವಳಿದ್ದಾಗ ನನಗೂ ಹಂಗೇ ಅನ್ನೋಳು."

ಬೈಲಪ್ಪ ನವಾಬನ ಪಂಜರದ ಕಡೆ ಮುಖ ತಿರುಗಿಸಿದ.

"ಸಾಬ್ರ ಮನೆ ಮದುವೆಗೆ ಹಕ್ಕಿ ಎಷ್ಟು ಆಗವೆ?"

"ಐದು."

"ಎದ್ದೇಳು. ಬಲೆ ಐತೆ, ಜನ ಐತೆ. ಜೊತೇಲಿ ಬಾ."

"ನಾನು ನಿಮ್ಮ ಜೊತೆ ಬರಲ್ಲ ಭಾವ," ಎಂದ ಬೈಲಪ್ಪ ಪಂಚೆ ಕೊಡವಿಕೊಂಡು. "ಬೇಕಾದ್ರೆ ನೀವೇ ನನ್ನ ಜೊತೆ ಬನ್ನಿ. ದೊಣ್ಣೆ ಕೆಳಗಿಡ್ರಿ ಎಲ್ಲ. ನಾಯಿ ಕಟ್ರಿ. ಕೌಜುಗ ಹಾರೋಕೆ ಮುಂಚೆ ಓಡುತ್ತೆ; ಕೂಗಿದ್ರೆ ಹಾರುತ್ತೆ, ಕೂಗದಿದ್ರೆ ಓಡಿ ಬಲೆಗೆ ಬರುತ್ತೆ. ಜೀವಂತ ಬೇಕು. ಒಬ್ಬನೂ ಉಸಿರೆತ್ತಬಾರದು."

"ಇದನ್ನ ಹೇಳ್ತಿರೋನು ನೋಡ್ರಪ್ಪ!" ಎಂದ ಮುನಿಆಂಜನಪ್ಪ.

ಬಾಣಸವಾಡಿ ಹುಟ್ಟಿದಂದಿನಿಂದ ಅಷ್ಟು ಗಂಡಸರು ಒಟ್ಟಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು. ಆ ನಿಶ್ಶಬ್ದಕ್ಕೆ ಊರಿನಲ್ಲಿದ್ದ ಹೆಂಗಸರು ಏನೋ ಅನಾಹುತವಾಯಿತೆಂದು ಬಾಗಿಲಿಗೆ ಬಂದು ನಿಂತರಂತೆ. ಬಲೆಗಳು ಸೇರುವ ಸಂದಿಗೆ, ಯಾರೂ ಹೇಳದೆ, ಬೈಲಪ್ಪನೇ ಹೋಗಿ ನಿಂತ. ಪಕ್ಕದಲ್ಲಿ ನವಾಬನ ಪಂಜರ. ಆಚೆ ಕಡೆಯಿಂದ ಜನ ಹುಲ್ಲಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರತೊಡಗಿದರು.

ಒಬ್ಬನೇ ಕೂತಾಗಿನ ನಿಶ್ಶಬ್ದ ಬೈಲಪ್ಪನಿಗೆ ಗೊತ್ತಿತ್ತು. ಅದು ಬರಿದಾದ ಮಡಕೆಯ ಹಾಗೆ, ಅದರೊಳಕ್ಕೆ ಏನಾದರೂ ಸುರಿಯಲೇಬೇಕು ಅನಿಸುತ್ತದೆ. ಇದು ಹಾಗಿರಲಿಲ್ಲ. ಇಷ್ಟು ಜನ ಸೇರಿ ಸುಮ್ಮನಿದ್ದಾಗ ಅದು ತುಂಬಿದ ಮಡಕೆ. ಒಳಗೆ ಒಂದು ಹನಿ ಹಿಡಿಸುವುದಿಲ್ಲ. ಅವನಿಗೆ ಮಾತು ಬೇಕೆನಿಸಲಿಲ್ಲ. ಹಾಗೆಂದು ಖುಷಿಯೂ ಆಗಲಿಲ್ಲ. ಹುಲ್ಲಿನಾಚೆಯ ಅಷ್ಟೂ ತಲೆಗಳನ್ನು ಒಂದೊಂದಾಗಿ ನೋಡಿದ. ಇವರಲ್ಲಿ ಒಬ್ಬನಾದರೂ ಸಂಜೆ ಮನೆಗೆ ಬಂದು, ಮುದ್ದೆಯ ಮುಂದೆ ಕೂತು, 'ಎಷ್ಟು ದೊಡ್ಡದಿತ್ತು?' ಎಂದು ತನ್ನನ್ನು ಕೇಳುವವನಲ್ಲ. ಇವರಿಗೆಲ್ಲ ಕೇಳುವವರು ಅವರವರ ಒಲೆಯ ಮುಂದೆ ಇದ್ದಾರೆ. ಗುಂಪು ಎಷ್ಟೇ ದೊಡ್ಡದಾಗಲಿ, ಊರಬಾಗಿಲ ತನಕ.

ನವಾಬ ಕೂಗಿದ. ಹುಲ್ಲು ಅಲುಗಿತು. ಕೌಜುಗಗಳು ಕತ್ತು ಮುಂದೆ ಚಾಚಿ, ಸಾಲಾಗಿ, ಶಾಲೆಗೆ ತಡವಾದ ಮಕ್ಕಳಂತೆ ಓಡಿ ಬಂದವು. ಬಲೆ ತುಂಬಿತು. ಬೈಲಪ್ಪ ಬಗ್ಗಿ ಬಗ್ಗಿ ಹಿಡಿದು ಬುಟ್ಟಿಗೆ ಹಾಕಿದ. ಒಂದು ಪುಕ್ಕ ಕೊಂಕಲಿಲ್ಲ. ಇನ್ನೇನು ಬುಟ್ಟಿಯ ಬಾಯಿ ಕಟ್ಟಬೇಕು, ಎಲ್ಲಿತ್ತೋ ಏನೋ, ಒಂದು ಮೊಲ ಎದ್ದಿತು. ಬಲಕ್ಕೆ ನೋಡಿತು. ಎಡಕ್ಕೆ ನೋಡಿತು. ಬೈಲಪ್ಪನ ಎರಡು ಕಾಲಿನ ನಡುವೆ, ಅವರಪ್ಪ ತೋರಿಸಿಕೊಟ್ಟ ದಾರಿ ಎನ್ನುವ ಹಾಗೆ, ನುಗ್ಗಿ ಹೋಯಿತು.

ಅಷ್ಟೂ ಜನರ ಬಾಯಿ ತೆರೆಯಿತು. ಆದರೆ ಯಾರೂ ಉಸಿರೆತ್ತಬಾರದೆಂದು ಬೈಲಪ್ಪನ ಅಪ್ಪಣೆಯಾಗಿತ್ತು. ಅವರ ಮುಖಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು.

ಆ ತಡೆದ ಮಾತೆಲ್ಲ ಮಾರನೆಯ ದಿನ ಖುರ್ಷೀದ್ ಸಾಬರ ಅಂಗಡಿಯ ಮುಂದೆ ಒಡೆಯಿತು. ಹಕ್ಕಿಗಳನ್ನು ಹೊತ್ತು ತಂದ ನೆಪದಲ್ಲಿ ಅರ್ಧ ಊರು ಬಂದಿತ್ತು. ಸಾಬರು ಒಂದೊಂದೇ ಹಕ್ಕಿಯನ್ನು ಕೈಗೆತ್ತಿ ನೋಡಿ, "ಮಾಷಾ ಅಲ್ಲಾ!" ಎಂದರು. ಎರಡು ಡಜನ್ ತುಂಬಿ, ಮೇಲೆ ಎರಡಿದ್ದವು. ಬೈಲಪ್ಪ ನವಾಬನ ಪಂಜರವನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಬುಟ್ಟಿಯ ಕಡೆ ನೋಡಿದ. ಬುಟ್ಟಿಯ ಮೇಲೆ ಮುನಿಆಂಜನಪ್ಪ ಕೂತಿದ್ದ.

"ಏನು ಬೇಟೆ ಅಂತೀರಿ ಸಾಬ್ರೆ!" ಎಂದು ಶುರುಮಾಡಿದ. "ಕೌಜುಗ ಬಂದ್ವು ನೋಡಿ, ಮೋಡ ಬಂದ ಹಂಗೆ! ಸೂರ್ಯ ಕಾಣ್ಲಿಲ್ಲ!"

"ಕಾಣ್ಲಿಲ್ಲ," ಎಂದರು ಹಿಂದೆ ನಿಂತವರು.

"ಒಂದು ಮೊಲ ಎದ್ದಿತು, ಹಸುವಿನ ಗಾತ್ರ!"

"ಕೊಂಬೊಂದಿರ್ಲಿಲ್ಲ," ಎಂದರು ಹಿಂದೆ ನಿಂತವರು.

ಬೈಲಪ್ಪ ಬೆರಗಾಗಿ ನಿಂತ. ತಾನು ಒಬ್ಬನೇ ಹೇಳಿದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಅದೇ ಅಂಗಡಿಯವರು, ಈಗ ತಲೆದೂಗುತ್ತಿದ್ದರು. ಒಬ್ಬ ಹೇಳಿದರೆ ಬುರುಡೆ. ಹತ್ತು ಜನ ಹೌದೆಂದರೆ ಅದೇ ಚರಿತ್ರೆ.

"ಇನ್ನು ಇವನ ಕಥೆ ಕೇಳಿ," ಎಂದು ಮುನಿಆಂಜನಪ್ಪ ಬೈಲಪ್ಪನ ಕಡೆ ಕೈ ಚಾಚಿದ. ಪೊದೆಯ ಹತ್ತಿರ ತಗ್ಗಿದ್ದ ಆ ದನಿ ಈಗ ಎಲ್ಲಿತ್ತೋ. ಜನರ ಕಿವಿ ಸಿಕ್ಕ ಮೇಲೆ ಅದು ಮಾರ್ಕೆಟ್ಟಿನ ಗಡಿಯಾರದಷ್ಟು ಎತ್ತರ ಏರಿತ್ತು. "ಒಂಟಿ ಬೇಟೆಗಾರ! ಪೊದೆಯೊಳಗೆ ಕೂತು ಈ ಹಕ್ಕಿ ಜೊತೆ ಸಂಸಾರ ಮಾಡ್ತಿದ್ದ. ಬೆಳಗಿಂದ ಮಧ್ಯಾಹ್ನದ ತನಕ ಮಾತು, ಮಾತು, ಮಾತು! ಕಣ್ಣಲ್ಲಿ ಕೋಡಿ ಹರೀತಿತ್ತು ಸಾಬ್ರೆ. ಪೊದೆ ಬುಡ ಕೆಸರಾಗಿ ನನ್ನ ಕಾಲೇ ಜಾರ್ತು!"

"ನನ್ನದೂ ಜಾರ್ತು," ಎಂದರು ಹಿಂದೆ ನಿಂತವರು.

ಅಂಗಡಿ ಸಾಲು ನಕ್ಕಿತು. ಎದುರಿನ ಮಾಂಸದಂಗಡಿಯವನು ಕತ್ತಿ ಕೆಳಗಿಟ್ಟು ನಕ್ಕ. ಖುರ್ಷೀದ್ ಸಾಬರು ಮಾತ್ರ ನಗಲಿಲ್ಲ. ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು:

"ಬೈಲಪ್ಪ, ಸಚ್ ಹೈ ಕ್ಯಾ? ಇವರು ಹೇಳೋದು ನಿಜಾನಾ?"

ಬೈಲಪ್ಪ ಒಂದು ಗಳಿಗೆ ನಿಂತ. ಇಲ್ಲವೆನ್ನಬಹುದಿತ್ತು; ಆದರೆ ಅರ್ಧ ಊರಿನ ಸಾಕ್ಷಿಯ ಎದುರು ಅವನ ಪರವಾಗಿದ್ದದ್ದು ಒಂದು ಹಕ್ಕಿ. ಹೌದೆನ್ನಬಹುದಿತ್ತು; ಆಮೇಲೆ ಈ ಬುಟ್ಟಿಯ ಮೇಲೆ ಯಾವ ಮುಖ ಹೊತ್ತು ಕೂರುವುದು? ಎಂದಿನಂತೆ ಅವನ ಕಿವಿ ಒಲೆಯ ಕಡೆಯ ಮಾತಿಗೆ ಕಾದಿತು. ಅಲ್ಲಿ ಒಲೆಯಿರಲಿಲ್ಲ, ಮುದ್ದೆ ತಿರುವುವ ಕೈಯಿರಲಿಲ್ಲ. ಆ ಮಾತು ಇನ್ನು ಯಾರಾದರೂ ಆಡುವುದಿದ್ದರೆ ತಾನೇ ಆಡಬೇಕು.

ಅವನು ಪಂಜರವನ್ನು ಕೆಳಗಿಟ್ಟು, ಭಾವನ ರಟ್ಟೆ ಹಿಡಿದು ಬುಟ್ಟಿಯ ಮೇಲಿಂದ ಎಬ್ಬಿಸಿ, ತಾನು ಕೂತ. ಪಂಚೆಗೆ ಮೂರು ಕಡೆ ಚುಚ್ಚಿತು.

"ಅರ್ಧ ಬಿಡಿ ಸಾಬ್ರೆ," ಎಂದ. "ಮಾತಾಡಿದ್ದು ನಾನು. ಅತ್ತಿದ್ದು ನವಾಬ."